ಸುಳಿ ಕಾಣುತ್ತದೆ, ಬಿಸಿ ಹೊರುವುದು ಯಾರು?

ಪ್ರಶ್ನೆ (ಎಂ.ಟೆಕ್ ವಿದ್ಯಾರ್ಥಿ, ಸುರತ್ಕಲ್):
ಸರ್, 20 ಸೆಂ.ಮೀ. ಎತ್ತರದ ಪೆಟ್ಟಿಗೆಯಲ್ಲಿ ನೀರು, ತಳ ಬಿಸಿ, ಮೇಲೆ ತಂಪು. ಇದರ ಸಿಮ್ಯುಲೇಷನ್ ನನ್ನ ಪ್ರಾಜೆಕ್ಟ್. ಕ್ಯೂ ಕ್ರೈಟೀರಿಯನ್ ಹಾಕಿ ಸುಳಿಗಳನ್ನೆಲ್ಲ ಹುಡುಕಿದೆ, ಚಿತ್ರ ಚೆಂದ ಬಂದಿದೆ. ಆದರೆ ಸುಳಿ ಜಾಸ್ತಿ ಇರುವಲ್ಲಿ ಶಾಖ ಜಾಸ್ತಿ ಸಾಗುತ್ತಿಲ್ಲ. "ಇದರಲ್ಲಿ ಬಿಸಿ ಹೊರುವುದು ಯಾವುದು?" ಅಂತ ಗೈಡ್ ಕೇಳಿದರು, ಬಾಯಿ ಕಟ್ಟಿತು. ತಳದಲ್ಲಿ ನುಸೆಲ್ಟ್ ಸಂಖ್ಯೆ (ನೀರು ಅಲುಗದೆ ನಿಂತಿದ್ದರೆ ಸಾಗುವ ಶಾಖದ ಎಷ್ಟು ಪಟ್ಟು ಈಗ ಸಾಗುತ್ತಿದೆ ಅನ್ನುವ ಲೆಕ್ಕ) ಸುಮಾರು 50.

ಉತ್ತರ:
ಕ್ಯೂಗೆ ಉಷ್ಣತೆಯ ಗೊಡವೆಯೇ ಇಲ್ಲ ಮಾರಾಯ. ಎಲ್ಲಿ ಹಿಗ್ಗಾಟಕ್ಕಿಂತ ತಿರುಗಾಟ ಜಾಸ್ತಿ ಅಂತ ಮಾತ್ರ ಅದು ಹೇಳುತ್ತದೆ. ಸುಳಿಯ ಒಳಗೂ ಹೊರಗೂ ಒಂದೇ ಬಿಸಿಯಾದರೆ ಅದು ಸುಮ್ನೆ ತಿರುಗುತ್ತಿರುತ್ತದೆ, ಅಷ್ಟೇ. ಸ್ಟೀಲ್ ಪಾತ್ರೆಯಲ್ಲಿ ನೀರಿಟ್ಟು ನೋಡಿ: ಕುದಿಯುವ ಮೊದಲೇ ತಳದಿಂದ ಎಳೆ ಎಳೆಯಾಗಿ ಏನೋ ನಡುಗುತ್ತಾ ಮೇಲೆ ಬರುತ್ತದಲ್ಲ, ಬಿಸಿ ಹೊರುವ ಪ್ಲೂಮ್ ಅಂದರೆ ಅದೇ. ಪ್ರತಿ ಬಿಂದುವಿನಲ್ಲಿ ಉಷ್ಣತೆಯಿಂದ ಸರಾಸರಿ ಕಳೆದು, ಉಳಿದದ್ದನ್ನು ಮೇಲ್ಮುಖ ವೇಗದಿಂದ ಗುಣಿಸಿ. ತಂಪು ನೀರು ಕೆಳಗಿಳಿದರೂ ಉತ್ತರ ಧನವೇ, ಅದನ್ನು ಬಿಡಬೇಡಿ. ಈ ಗುಣಲಬ್ಧ ದೊಡ್ಡದಿರುವ ಜಾಗವನ್ನು ಹಿಂಬಾಲಿಸಿ. ಎಷ್ಟಕ್ಕೆ ದೊಡ್ಡದು ಅನ್ನಬೇಕು ಅನ್ನುವುದನ್ನು ಮೂರ್ನಾಲ್ಕು ಸಲ ಬದಲಿಸಿ ನೋಡಿ, ಒಂದೇ ಮಿತಿಯಲ್ಲಿ ಕಾಣುವ ರಚನೆಯನ್ನು ನಾನಂತೂ ನಂಬುವುದಿಲ್ಲ.

ಪ್ರಶ್ನೆ:
ಎಫ್‌ಟಿಎಲ್‌ಇ (ಅಕ್ಕಪಕ್ಕದ ಕಣಗಳು ಇಷ್ಟು ಹೊತ್ತಿನಲ್ಲಿ ಎಷ್ಟು ಬೇಗ ದೂರವಾಗುತ್ತವೆ ಅನ್ನುವ ಲೆಕ್ಕ) ಹಾಕಿದರೆ ಆಗುವುದಿಲ್ಲವಾ ಸರ್?

ಉತ್ತರ:
ಹಾಕಿ. ಮಳೆಗಾಲದಲ್ಲಿ ಅಳಿವೆ ಬಾಗಿಲಲ್ಲಿ ಹೊಳೆಯ ಕೆಂಪು ನೀರು ಕಡಲಿಗೆ ಸೇರುವ ಕಡೆ ನೊರೆ, ಕಸ ಎಲ್ಲ ಒಂದೇ ಗೆರೆಗೆ ಬಂದು ಕೂರುತ್ತದೆ ಅಲ್ವಾ, ಕಣಗಳನ್ನು ಕಾಲದಲ್ಲಿ ಹಿಂದಕ್ಕೆ ಓಡಿಸಿ ಲೆಕ್ಕ ಹಾಕಿದರೆ ಅಂಥ ಗೆರೆಗಳೇ ಸಿಗುವುದು. ಆದರೆ ನೊರೆ ಗೆರೆ ದಾಟದಿದ್ದರೂ ಶಾಖ ಸೋರಿ ದಾಟುತ್ತದೆ. 20 ಡಿಗ್ರಿಯ ನೀರಿನ ಪ್ರಾಂಟಲ್ ಸಂಖ್ಯೆ (ಶಾಖ ಹರಡುವುದಕ್ಕಿಂತ ಚಲನೆ ಎಷ್ಟು ಪಟ್ಟು ಬೇಗ ಹರಡುತ್ತದೆ ಅನ್ನುವುದು) ಸುಮಾರು 7, ಹಾಗಾಗಿ ಸೋರುವುದು ನಿಧಾನ, ಪಾದರಸವಾದರೆ ಎಳೆ ಬೇಗನೆ ಕರಗಿಹೋಗುತ್ತಿತ್ತು.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ತಳದ ಬಿಸಿ ಪದರದ ದಪ್ಪ ಅಂದರೆ ಎತ್ತರವನ್ನು ನುಸೆಲ್ಟ್‌ನ ಎರಡರಷ್ಟರಿಂದ ಭಾಗಿಸಿದ್ದು. ನಿಮ್ಮಲ್ಲಿ 2 ಮಿ.ಮೀ. ಪ್ಲೂಮ್ ಹುಟ್ಟುವುದೇ ಅಲ್ಲಿ. ಅದರೊಳಗೆ ಗ್ರಿಡ್‌ನ ಬಿಂದು, ಅಂದರೆ ಸಿಮ್ಯುಲೇಷನ್ ಲೆಕ್ಕ ಹಾಕುವ ಜಾಗ, ಎಷ್ಟಿವೆ?

ಪ್ರಶ್ನೆ:
ಈಗ ನೋಡಿದೆ ಸರ್. ಎರಡು. ನುಸೆಲ್ಟ್ ಕೂಡ ತಳದಲ್ಲಿ 50, ಇಡೀ ಪೆಟ್ಟಿಗೆಯ ಸರಾಸರಿ ತೆಗೆದರೆ 63!

ಉತ್ತರ:
ತಳದಿಂದ ಹೊಕ್ಕ ಶಾಖವೇ ಪೆಟ್ಟಿಗೆಯಲ್ಲಿ ಮೇಲೆ ಸಾಗುವುದು, ಹಾಗಾಗಿ ಎರಡೂ ಒಂದೇ ಬರಬೇಕಿತ್ತು; ತಳದ ಪದರಕ್ಕೆ ಎರಡು ಬಿಂದು ಸಾಲದು. ಚಿತ್ರ ಬದಿಗಿಡಿ, ಗ್ರಿಡ್ ಸರಿ ಮಾಡಿಕೊಂಡು ಬನ್ನಿ.