ಆಕಾಶಬುಟ್ಟಿಗಾಗಿ ಪಾರದರ್ಶಕ ಅಕ್ರಿಲಿಕ್ ಹಾಳೆಯನ್ನು ಮಸುಕುಗೊಳಿಸುವುದು ಹೇಗೆ?

ಗೂಡುದೀಪ:
ನಮಸ್ಕಾರ. ದೀಪಾವಳಿಗೆ ಮನೆಯ ಮುಂದೆ ತೂಗುಹಾಕಲು 3 ಮಿ.ಮೀ. ದಪ್ಪದ ಪಾರದರ್ಶಕ ಅಕ್ರಿಲಿಕ್ ಹಾಳೆಯಲ್ಲಿ ಚೌಕಾಕಾರದ ಆಕಾಶಬುಟ್ಟಿಯೊಂದನ್ನು ಮಾಡುತ್ತಿದ್ದೇನೆ. ಒಳಗೆ ಮೀಟರಿಗೆ 60 ದೀಪಗಳಿರುವ ಎಲ್‌ಇಡಿ ಪಟ್ಟಿಯನ್ನು ಅಂಟಿಸಬೇಕೆಂದಿದ್ದೇನೆ. ನಾಲ್ಕು ಬದಿಗಳು ಫ್ರಾಸ್ಟೆಡ್ ಗಾಜಿನಂತೆ ಮಸುಕಾಗಬೇಕು. ತಂತಿಗಳಿರುವ ತಳಭಾಗದಿಂದ ಮಾತ್ರ ಬೆಳಕು ಸ್ವಲ್ಪವೂ ಹೊರಬರಬಾರದು. ಉಜ್ಜುವುದು ಒಳ್ಳೆಯದೋ, ಸ್ಪ್ರೇ ಹೊಡೆಯುವುದೋ? ಅಸಿಟೋನ್ ಹಚ್ಚಿದರೆ ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ ಎಂದೂ ಕೇಳಿದ್ದೇನೆ.

ಅರಗತ್ತಿ:
ಬದಿಗಳಿಗೆ ಉಜ್ಜುವುದೇ ಸರಿ. ಪೇಂಟ್ ಅಂಗಡಿಯಲ್ಲಿ 320 ಅಥವಾ 400 ನಂಬರಿನ ವಾಟರ್ ಪೇಪರ್ ತಂದು, ಪಾತ್ರೆ ತೊಳೆಯುವ ಸೋಪು ಒಂದೆರಡು ಹನಿ ಬೆರೆಸಿದ ನೀರಿನಲ್ಲಿ ನೆನೆಸಿ, ಸಣ್ಣ ಮರದ ತುಂಡಿಗೆ ಸುತ್ತಿ, ಸುತ್ತುಸುತ್ತಾಗಿ ಉಜ್ಜಿರಿ. ಒಣದಾಗಿ ಉಜ್ಜಿದರೆ ಅಕ್ರಿಲಿಕ್ ಬಿಸಿಯಾಗಿ ಮೆತ್ತಗಾಗುತ್ತದೆ, ಪುಡಿ ಕಾಗದಕ್ಕೆ ಮೆತ್ತಿಕೊಂಡು ಆಳವಾದ ಗೀರುಗಳು ಬೀಳುತ್ತವೆ. ಒಂದೇ ದಿಕ್ಕಿನಲ್ಲಿ ಉಜ್ಜಿದರೂ ದೀಪ ಹಚ್ಚಿದಾಗ ಆ ಗೆರೆಗಳು ಎದ್ದು ಕಾಣುತ್ತವೆ.

ಯಾವ ಮುಖವನ್ನು ಉಜ್ಜುತ್ತೀರಿ ಎಂಬುದು ಇದಕ್ಕಿಂತ ಮುಖ್ಯ. ಹಾಳೆ ಮಸುಕಾಗಿ ಕಾಣುವುದು ಅದರ ಮೇಲಿನ ಸೂಕ್ಷ್ಮ ಗೀರುಗಳಲ್ಲಿ ಬೆಳಕು ಚದುರುವುದರಿಂದ. ಆ ಗೀರುಗಳಲ್ಲಿ ನೀರೋ ಎಣ್ಣೆಯೋ ತುಂಬಿಕೊಂಡರೆ ಚದುರುವಿಕೆ ಕಡಿಮೆಯಾಗಿ ಆ ಜಾಗ ಮತ್ತೆ ಪಾರದರ್ಶಕವಾಗುತ್ತದೆ. ಹೊರಮುಖವನ್ನು ಉಜ್ಜಿದರೆ ಮಳೆಹನಿ ಬಿದ್ದಲ್ಲೆಲ್ಲ, ಕೈಬೆರಳು ತಾಗಿದಲ್ಲೆಲ್ಲ ಕಲೆಗಳು ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಒಳಮುಖವನ್ನೇ ಉಜ್ಜಿ, ಅದರ ಮೇಲೆ ಹೊಳಪಿನ ವಾರ್ನಿಶ್ ಬಳಿಯುವ ಗೋಜಿಗೆ ಹೋಗಬೇಡಿ. ಅದೂ ಗೀರುಗಳನ್ನು ತುಂಬಿಬಿಡುತ್ತದೆ.

ಇಷ್ಟಾದರೂ ದೀಪದ ಚುಕ್ಕೆಗಳು ಪೂರ್ತಿ ಮಾಯವಾಗುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಎರಡು ಎಲ್‌ಇಡಿಗಳ ನಡುವೆ ಸುಮಾರು 17 ಮಿ.ಮೀ. ಅಂತರವಿರುತ್ತದೆ, ಹಾಳೆಯಿಂದ ಪಟ್ಟಿ ಕನಿಷ್ಠ ಅಷ್ಟಾದರೂ ದೂರವಿರಬೇಕು, ಉಜ್ಜಿದ ಹಾಳೆಗೆ ಅದರ ಎರಡರಷ್ಟು ದೂರ ಕೊಟ್ಟರೆ ಇನ್ನೂ ಒಳ್ಳೆಯದು. ಪಟ್ಟಿಯನ್ನು ನಡುವಿನ ಬಿಳಿ ಕಂಬವೊಂದಕ್ಕೆ ಸುತ್ತಿದರೆ ಈ ದೂರ ತಾನಾಗಿಯೇ ಸಿಗುತ್ತದೆ. ಹಣ ಖರ್ಚು ಮಾಡಲು ಸಿದ್ಧರಿದ್ದರೆ ಹಾಲುಬಣ್ಣದ ಓಪಲ್ ಅಕ್ರಿಲಿಕ್ ಹಾಳೆಯನ್ನೇ ಕೊಳ್ಳಿ; ಅದರ ಇಡೀ ದಪ್ಪದಲ್ಲಿ ಬೆಳಕು ಚದುರುವುದರಿಂದ ಉಜ್ಜಿದ ಯಾವ ಹಾಳೆಯೂ ಅದಕ್ಕೆ ಸಾಟಿಯಾಗದು.

ಬಣ್ಣದಡಬ್ಬಿ:
ಅಸಿಟೋನಿನ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದು ನಿಮ್ಮ ಹಾಳೆಗೆ ಅನ್ವಯಿಸುವುದಿಲ್ಲ. ನೀರಿನ ಬಾಟಲಿಯ ಪಿಇಟಿ ಪ್ಲಾಸ್ಟಿಕ್ ಅಸಿಟೋನ್ ತಾಗಿದರೆ ಮೇಲ್ಮೈಯಲ್ಲಿ ಹರಳುಗಟ್ಟಿ ಬೆಳ್ಳಗಾಗುತ್ತದೆ. ಅಕ್ರಿಲಿಕ್ ಮಾತ್ರ ಕರಗಿ ಅಂಟಂಟಾಗಿ ಕೆಡುತ್ತದೆ. ಲೇಸರಿನಲ್ಲಿ ಕತ್ತರಿಸಿದ ಅಂಚುಗಳಿಗಂತೂ ಸ್ಪಿರಿಟ್ ಕೂಡ ತಾಗಿಸಬೇಡಿ, ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಸ್ಪ್ರೇ ಡಬ್ಬಿಯ ದ್ರಾವಕಗಳಿಗೂ ಈ ಗುಣವಿರಬಹುದಾದ್ದರಿಂದ ಮೊದಲು ಕತ್ತರಿಸಿ ಉಳಿದ ತುಂಡಿನ ಮೇಲೆ ಹೊಡೆದು, ಮರುದಿನ ನೋಡಿ ಮುಂದುವರಿಯಿರಿ.

ತಳಭಾಗದ ಒಳಮುಖವನ್ನೂ ಉಜ್ಜಿ, ಸೋಪುನೀರಿನಲ್ಲಿ ತೊಳೆದು ಒಣಗಿಸಿ, ಮೊದಲು ಕಪ್ಪು ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಹೊಡೆಯಿರಿ. ಅದು ಒಣಗಿದ ಮೇಲೆ ಬಿಳಿ ಬಣ್ಣ. ಬೆಳಕನ್ನು ತಡೆಯುವುದು ಕಪ್ಪು, ಬುಟ್ಟಿಯೊಳಕ್ಕೆ ಮರಳಿಸುವುದು ಬಿಳಿ. ಬರಿಯ ಬಿಳಿ ಬಣ್ಣ ಎಷ್ಟು ದಪ್ಪಗೆ ಕಂಡರೂ ಹಿಂದಿನಿಂದ ಎಲ್‌ಇಡಿ ಹಚ್ಚಿದಾಗ ಬೆಳಕನ್ನು ಬಿಟ್ಟುಕೊಡುತ್ತದೆ.

ಗೂಡುದೀಪ:
ಇಬ್ಬರಿಗೂ ಧನ್ಯವಾದಗಳು. ಒಂದು ಬದಿಯಲ್ಲಿ ಹಣತೆಯ ಚಿತ್ರವನ್ನು ಮಾತ್ರ ಪಾರದರ್ಶಕವಾಗಿ ಉಳಿಸಿಕೊಳ್ಳಲು ಸಾಧ್ಯವೇ?

ಅರಗತ್ತಿ:
ಸಾಧ್ಯ. ಹೊರಮುಖದ ರಕ್ಷಣಾ ಹಾಳೆಯನ್ನು ಕೆಲಸ ಮುಗಿಯುವವರೆಗೂ ತೆಗೆಯಬೇಡಿ. ಒಳಮುಖದಲ್ಲಿ ದಪ್ಪನೆಯ ವಿನೈಲ್ ಸ್ಟಿಕರ್ ಅಂಟಿಸಿ, ಹಣತೆಯ ಆಕಾರವನ್ನು ಕಟರಿನಿಂದ ಹಗುರವಾಗಿ ಕೊಯ್ದು, ಸುತ್ತಲಿನದನ್ನು ಕಿತ್ತು, ಉಳಿದ ಜಾಗವನ್ನು ಉಜ್ಜಿರಿ. ಸ್ಟಿಕರಿನ ಅಂಚಿನ ಹತ್ತಿರ ಮರದ ತುಂಡು ಬೇಡ; ಕಾಗದವನ್ನು ಮಡಚಿ ಬೆರಳಿನಿಂದಲೇ ಉಜ್ಜಿದರೆ ಅಂಚು ಹರಿಯುವುದಿಲ್ಲ.