‘ಲಿಂಗ ದೃಢೀಕರಣ’ಕ್ಕೆ ಬೇರೆ ಪದ ಇದೆಯೇ?

ಎಲ್ಲರಿಗೂ ಧಾರವಾಡದಿಂದ ನಮಸ್ಕಾರ. ನಮ್ಮ ಓದುಗರ ಬಳಗಕ್ಕೆ ಒಂದು ಲೇಖನ ಬರೆಯುತ್ತಿದ್ದೇನೆ, ಪದಗಳ ಹತ್ತಿರ ಸಿಕ್ಕಿಕೊಂಡಿದ್ದೇನೆ.

ವಿಷಯ, ‘ಜೆಂಡರ್ ಅಫರ್ಮಿಂಗ್ ಕೇರ್’ ಬಗ್ಗೆ ಇಂಗ್ಲೆಂಡಿನಲ್ಲಿ ನಡೆದಿರುವ ವಾದ. ಅಂದರೆ, ಹುಟ್ಟಿದಾಗ ಹೇಳಿದ ಲಿಂಗ ತಮ್ಮದಲ್ಲ ಅನ್ನುವ ಟ್ರಾನ್ಸ್ ಜನರಿಗೆ, ಅವರು ಹೇಳುವ ಗುರುತಿಗೆ ತಕ್ಕ ಹಾಗೆ ಕೊಡುವ ಆರೈಕೆ. 2024ರ ಏಪ್ರಿಲ್‌ನಲ್ಲಿ ಮಕ್ಕಳ ವೈದ್ಯೆ ಹಿಲರಿ ಕ್ಯಾಸ್ ವರದಿ ಕೊಟ್ಟರು. ಪ್ಯೂಬರ್ಟಿ ಬ್ಲಾಕರ್ (ಹರೆಯದಲ್ಲಿ ದೇಹ ಬದಲಾಗುವುದನ್ನು ಸದ್ಯಕ್ಕೆ ನಿಲ್ಲಿಸುವ ಔಷಧಿ) ಕೊಡಲು ಪುರಾವೆ ಸಾಲದು ಅಂದರು. ಕೆಲವು ಗೇ, ಲೆಸ್ಬಿಯನ್ ಜನರ ಆತಂಕವೂ ಅದೇ: ಗಂಡುಹುಡುಗರಂತೆ ಇರುವ ಹುಡುಗಿ ಮುಂದೆ ಲೆಸ್ಬಿಯನ್ ಆಗಿ ಬಾಳಬಹುದು, ಅವಸರದಲ್ಲಿ ಔಷಧಿ ಯಾಕೆ? ಟ್ರಾನ್ಸ್ ಜನ ಮತ್ತು ಅವರ ಜೊತೆ ನಿಂತ ಎಷ್ಟೋ ಗೇ, ಲೆಸ್ಬಿಯನ್ನರು ಇದನ್ನು ಒಪ್ಪುವುದಿಲ್ಲ. ಯಾರನ್ನು ಪ್ರೀತಿಸುತ್ತೇವೆ ಅನ್ನೋದು ಬೇರೆ, ನಾವು ಯಾರು ಅನ್ನೋದು ಬೇರೆ. ಚಿಕಿತ್ಸೆ ತಡೆದರೆ ನರಳೋದು ಆ ಮಕ್ಕಳೇ ಅಲ್ವಾ, ಅಂತಾರೆ.

ಈಗ ತೊಡಕು. ‘ಜೆಂಡರ್ ಅಫರ್ಮಿಂಗ್’ಗೆ ‘ಲಿಂಗ ದೃಢೀಕರಣ’ ಅಂದರೆ ಪ್ರಮಾಣಪತ್ರಕ್ಕೆ ಸಹಿ ಹಾಕಿಸಿದ ಹಾಗಿದೆ. ಅದೂ ಅಲ್ಲದೆ ನಮ್ಮ ಕಡೆ ‘ಲಿಂಗ’ ಅಂದ ಕೂಡಲೇ ಹಿರಿಯರ ಕೈ ಕೊರಳಿಗೆ ಹೋಗುತ್ತದೆ! ‘ಲಿಂಗತ್ವ’ ಅಂದರೆ ವಾಸಿ. ‘ಲಿಂಗ ಪರಿವರ್ತನೆ’ ಅಂದರೆ ಜನರಿಗೆ ಆಪರೇಷನ್ ಮಾತ್ರ ನೆನಪಾಗುತ್ತದೆ. ಆದರೆ ಈ ‘ಕೇರ್’ನಲ್ಲಿ ಮಾತುಕತೆ, ಹೊಸ ಹೆಸರು, ಬಟ್ಟೆ, ಹಾರ್ಮೋನು ಎಲ್ಲವೂ ಬರುತ್ತದೆ.

ಬ್ಲಾಕರ್‌ಗೆ ‘ಹರೆಯ ತಡೆಯುವ ಔಷಧಿ’ ಅಂದರೆ ಒಂದು ಪಕ್ಷ, ‘ಹರೆಯ ಮುಂದೂಡುವ ಔಷಧಿ’ ಅಂದರೆ ಇನ್ನೊಂದು ಪಕ್ಷ. ನನಗೆ ಎರಡೂ ಬೇಡ, ಸುಮ್ನೆ ‘ಬ್ಲಾಕರ್’ ಅಂತಲೇ ಇಡೋಣ ಅನಿಸುತ್ತದೆ.

‘ಸಲಿಂಗಕಾಮಿ’ಯನ್ನಂತೂ ಹದಿನಾಲ್ಕರ ಮಗುವಿಗೆ ಬಳಸಲಾರೆ. ಆ ವಯಸ್ಸಿನವರಿಗೆ ‘ಕಾಮಿ’ ಯಾಕೆ? ‘ಸಲಿಂಗಪ್ರೇಮಿ’ ಪರವಾಗಿಲ್ಲ. ‘ಯುವಕರು’ ಅಂದರೆ ಹುಡುಗಿಯರು ಬಿಟ್ಟುಹೋಗುತ್ತಾರೆ, ಹಾಗಾಗಿ ‘ಹದಿಹರೆಯದವರು’.

ಜಾಸ್ತಿ ಕಾಡುತ್ತಿರುವುದು ನಮ್ಮ ಓಣಿಯ ಬೈಗುಳಗಳು. ‘ಗಂಡುಬೀರಿ’, ‘ಹೆಣ್ಣಿಗ’. ಇವು ಆ ಮಗು ಯಾರನ್ನು ಇಷ್ಟಪಡುತ್ತದೆ ಅಂತ ಕೇಳುವುದಿಲ್ಲ, ತನ್ನನ್ನು ಏನೆಂದು ತಿಳಿದಿದೆ ಅಂತಲೂ ಕೇಳುವುದಿಲ್ಲ. ನಡಿಗೆ, ದನಿ ನೋಡಿ ಹಣೆಪಟ್ಟಿ ಹಚ್ಚುತ್ತವೆ. ಇಂಗ್ಲೆಂಡಿನ ವಾದ ನಿಂತಿರುವುದೇ ‘ಯಾರನ್ನು ಇಷ್ಟಪಡುತ್ತೇನೆ’, ‘ನಾನು ಯಾರು’ ಅನ್ನುವ ಆ ಎರಡರ ನಡುವಿನ ಗೆರೆ ಎಲ್ಲಿ ಅನ್ನುವುದರ ಮೇಲೆ. ಸವದತ್ತಿ ಯಲ್ಲಮ್ಮನ ‘ಜೋಗಪ್ಪ’ ಇಲ್ಲಿ ಒಗ್ಗುವುದಿಲ್ಲ, ಅದು ದೇವಿಯ ಸೇವೆಗೆ ಅಂಟಿದ ಹೆಸರು.

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಕೌನ್ಸೆಲರುಗಳು, ಡಾಕ್ಟರುಗಳು ಇಲ್ಲಿ ಇದ್ದರೆ ಹೇಳಿ: ತಂದೆ-ತಾಯಿ ಎದುರಿಗೆ ಕೂತಾಗ ‘ಅಫರ್ಮಿಂಗ್’ ಅನ್ನೋದನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀರಿ? ಸದ್ಯಕ್ಕೆ ನಾನು ‘ಲಿಂಗತ್ವಕ್ಕೆ ಒತ್ತಾಸೆಯ ಆರೈಕೆ’ ಅಂತ ಬರೆದಿದ್ದೇನೆ. ಇದೂ ಒಂದು ಕಡೆಗೆ ವಾಲುತ್ತದೆಯೇ?