ಹರಾಜಲ್ಲಿ ಪ್ರೈವೇಟ್ ಮುದ್ರೆ ಚಿನ್ನ-ಬೆಳ್ಳಿ ತಗೊಂಡೋರು ಯಾರಿದ್ದೀರ? ಅನುಭವ ಹೇಳ್ರಿ

ವಿದ್ಯಾನಗರದವ:
ದಾವಣಗೆರೆಯಿಂದ. ಬರೋ ಭಾನುವಾರ ಬೆಂಗಳೂರಲ್ಲಿ ಹರಾಜೈತೆ. ಮಣಿಲಾಲ್ ಚಿಮನ್‌ಲಾಲ್ ಅನ್ನೋ ಖಾಸಗಿ ಕಂಪನಿ ಮುದ್ರೆ ಒಂದು ತೊಲ ಚಿನ್ನದ ಬಿಲ್ಲೆ, ಜೊತೆಗೆ ಯಾವುದೋ ಹಳೇ ಕಂಪನಿ ಹತ್ತು ತೊಲ ಬೆಳ್ಳಿ ಗಟ್ಟಿ. ಸರ್ಕಾರಿ ಟಂಕಸಾಲೆದಲ್ಲ. ಕ್ಯಾಟಲಾಗಲ್ಲಿ ಎರಡೇ ಫೋಟೋ. ಅಸಲಿ ಅಂತ ಹೆಂಗೆ ತಿಳ್ಕೊಳೋದು, ಎಷ್ಟರ ತನಕ ಕೂಗ್ಬೋದು?

ಕೋಟೆ ಕಲ್ಲು:
ಬೆಳ್ಳಿ ಗಟ್ಟಿ ಅಂದ್ರಲ್ಲ, ನಂಗೆ ಹೊಟ್ಟೆ ಉರೀತೈತೆ. 2022ರಲ್ಲಿ ಇಂಥದ್ದೇ ಹತ್ತು ತೊಲ ಗಟ್ಟಿ, ಆನ್‌ಲೈನ್ ಹರಾಜು, 11,000ಕ್ಕೆ ನನ್ ಹೆಸರಿಗೆ ನಿಂತ್ಕಂತು. ಕೂಗಿದ ರೇಟು ಅಷ್ಟೇ ಅಂತ ಖುಷಿಪಟ್ರೆ ಕಮಿಷನ್ 18 ಪರ್ಸೆಂಟ್ ಅಂದ್ರೆ 1,980, ಆ ಕಮಿಷನ್ ಮೇಲೆ ಜಿಎಸ್‌ಟಿ 356, ಕೊರಿಯರ್ 380, ಒಟ್ಟು 13,716. ಅವತ್ತು ಅಷ್ಟು ಬೆಳ್ಳಿ ಬೆಲೆ ಏಳು ಸಾವಿರ. ಇರ್ಲಿ, ಹಳೇ ಮುದ್ರೆ ಅಂತ ಸಮಾಧಾನ ಮಾಡ್ಕಂಡೆ. ದುರ್ಗದಲ್ಲಿ ಒರೆಗಲ್ಲಿಗೆ ಹಚ್ಚಿಸಿದ್ರೆ ಬೆಳ್ಳೀನೇ ಅಂದ್ರು. ಮ್ಯಾಗ್ನೆಟ್ ಹಿಡಿದೆ, ಅಂಟಲಿಲ್ಲ. ಅಂಟೋದೆಲ್ಲಿ, ತಾಮ್ರನೂ ಅಂಟಲ್ಲ! ಒಂದಿನ ರಾತ್ರಿ ನಿದ್ದೆ ಬರ್ದೆ ದಾರ ಕಟ್ಟಿ ನೀರಲ್ಲಿ ಇಳಿಬಿಟ್ಟು ತೂಗಿದೆ. ಗಾಳೀಲಿ 116.5 ಗ್ರಾಂ, ನೀರಲ್ಲಿ 104.1. ಕಳ್ಕೊಂಡಿದ್ದು 12.4. 116.5ನ ಅದರಿಂದ ಭಾಗಿಸಿದ್ರೆ ಸಾಂದ್ರತೆ 9.4. ಬೆಳ್ಳಿ 10.49 ಬರ್ಬೇಕು, ತಾಮ್ರ 8.96. ಅಂದ್ರೆ ಒಳಗೆಲ್ಲ ತಾಮ್ರ, ಮೇಲೆ ದಪ್ಪ ಬೆಳ್ಳಿ ಕೋಟು. ನಮ್ಮೂರ ಪಕ್ಕ ಇಂಗಳದಾಳದಲ್ಲೇ ತಾಮ್ರದ ಗಣಿ ಇತ್ತು, ನಾನು ದುಡ್ಡು ಕೊಟ್ಟು ಕೊರಿಯರಲ್ಲಿ ತಾಮ್ರ ತರಿಸ್ಕಂಡೆ. ವಾಪಸ್ ಕೇಳಿದ್ರೆ "ಏಳು ದಿನ ಆಗೋಯ್ತು ಸಾರ್".

ಟಂಚ್ ಅಂಗಡಿ:
ಒರೆಗಲ್ಲಿಗೆ ಹಚ್ಚೋದು ಮೈನ ಮಾತ್ರ ನೋಡೋದು, ಇದು ಗೊತ್ತಿಲ್ದೆ ಹರಾಜಿಗೆ ಹೋದ್ರಾ? ನಮ್ಮ ಟಂಚ್ (ಶುದ್ಧತೆ ನೋಡೋ) ಮೆಷಿನ್ನಾಗೂ ಎಕ್ಸ್‌ರೇ ಸ್ವಲ್ಪ ಒಳಕ್ಕೆ ಹೋಗುತ್ತೆ ಅಷ್ಟೇ, ದಪ್ಪ ಕೋಟಿದ್ರೆ ಅದೂ ಮೋಸ ಹೋಗುತ್ತೆ. ತುಂಡ್ ಮಾಡಿ ಕರಗಿಸಿ ನೋಡ್ಬೇಕು.

ಕೋಟೆ ಕಲ್ಲು:
ತುಂಡ್ ಮಾಡಿದ್ ಮೇಲೆ ಮುದ್ರೆ ಎಲ್ಲಿ ಉಳೀತು? ನಿಮ್ಮಂಥೋರಿಗೆ ಎಲ್ಲ ಕರಗಿಸೋದೇ ಕೆಲ್ಸ.

ಹರಿಹರದಕ್ಕ:
ನನ್ನತ್ರ ಮಣಿಲಾಲ್ ಚಿಮನ್‌ಲಾಲ್ ಬಿಲ್ಲೆ ಐತೆ, 2021ರಲ್ಲಿ ತಗೊಂಡೆ. ಹ್ಯಾಮರ್ (ಕೂಗು ನಿಂತ ರೇಟು) 60,000, ಕಮಿಷನ್ 9,000, ಅದರ ಜಿಎಸ್‌ಟಿ 1,620, ಕೊರಿಯರ್ 650, ಸೇರಿ 71,270. ಬರೀ ಚಿನ್ನ ಅಂದ್ರೆ ಅವತ್ತು 56,000 ಚಿಲ್ಲರೆ. ಮನೆಯವ್ರು ಹದಿನೈದು ಸಾವಿರ ನೀರಿಗೆ ಹಾಕಿದೆ ಅಂತ ಮೂರು ತಿಂಗಳು ಅಂದ್ರು, ಇವತ್ತಿನ ರೇಟು ನೋಡಿ ಬಾಯಿ ಮುಚ್ಕಂಡವ್ರೆ. ನಾನು ನೋಡಿದ್ದು ಅಂಚು. ಅಚ್ಚೊತ್ತಿದ ಬಿಲ್ಲೆ ಆದ್ರೆ ಅಕ್ಷರದ ಮಗ್ಗುಲು ಚೂಪಾಗಿರುತ್ತೆ, ಎರಕ ಹೊಯ್ದಿದ್ದಾದ್ರೆ ಸೋಪಿನ ಥರ ಜಾರಿರುತ್ತೆ, ಲೆನ್ಸ್ ಹಿಡಿದ್ರೆ ಸಣ್ಣ ಸಣ್ಣ ಗುಳಿ. ಫೋಟೋದಲ್ಲಿ ಇದು ಕಾಣಲ್ಲ, ಅದಕ್ಕೆ ಬಸ್ಸತ್ತಿ ಹೋಗಿ ಕೈಯಲ್ಲಿ ಹಿಡಿದು ನೋಡ್ಬಂದೆ. ನೀರಿನ ತೂಕನೂ ಮಾಡ್ದೆ.

ಟಂಚ್ ಅಂಗಡಿ:
ಒಂದು ತೊಲಕ್ಕೆ ನೀರಿನ ತೂಕ! 11.66 ಗ್ರಾಂ ಚಿನ್ನ ನೀರಲ್ಲಿ ಕಳ್ಕೊಳೋದು 0.60. ನಿಮ್ಮ ಕಿಚನ್ ತಕ್ಕಡಿ 0.02 ಆಚೆಈಚೆ ತೋರಿಸಿದ್ರೆ ಲೆಕ್ಕ 18.8 ಬರುತ್ತೆ ಇಲ್ಲ 20.1 ಬರುತ್ತೆ. ದಾರಕ್ಕೆ ಒಂದು ಗುಳ್ಳೆ ಅಂಟಿದ್ರೂ ಕೆಟ್ಟೋಯ್ತು. ಮ್ಯಾಲಾಗಿ ಟಂಗ್‌ಸ್ಟನ್ 19.25, ಚಿನ್ನ 19.3, ನೀರಿಗೆ ಏನ್ ಗೊತ್ತಾಗುತ್ತಕ್ಕಾ?

ಹರಿಹರದಕ್ಕ:
ಕಿಚನ್ ತಕ್ಕಡಿ ಅಂತ ಯಾರಂದ್ರು? ಮೂರು ಡೆಸಿಮಲ್‌ದು, 4,200 ಕೊಟ್ಟೀನಿ, ಅಳತೆಕಲ್ಲು ಸಮೇತ. ಟಂಗ್‌ಸ್ಟನ್ ಹೆಚ್ಚಾಗಿ ದೊಡ್ಡ ಬಿಸ್ಕೆಟ್ ಹೊಟ್ಟೆಗೆ ತುರುಕ್ತಾರಪ್ಪ, 3,400 ಡಿಗ್ರಿ ದಾಟಿದ್ರೇ ಕರಗೋ ಗಡಸು ಲೋಹನ ತೆಳ್ಳನೆ ಬಿಲ್ಲೆಗೆ ಇಟ್ಟು ಅಚ್ಚೊತ್ತೋದು ಸುಲಭ ಅಲ್ಲ. ಅಂಗಡೀಲಿ ಕೂತ್ಕಂಡು ಹೆದರಿಸೋದು ಬಿಡ್ರಿ.

ಅಡಿಕೆ ತೋಟ:
ನಮ್ಮಜ್ಜ ಹಬೀಬ್ ಬ್ಯಾಂಕ್ ಮುದ್ರೆ ಬಿಲ್ಲೆ ಮೂರು ಇಟ್ಟಿದ್ರಂತೆ. ಆ ಬ್ಯಾಂಕು 1941ರಲ್ಲಿ ಬೊಂಬಾಯಲ್ಲಿ ಶುರುವಾಗಿ 1947ರಲ್ಲಿ ಕರಾಚಿಗೆ ಹೋಯ್ತು. 1968ರಲ್ಲಿ ಗೋಲ್ಡ್ ಕಂಟ್ರೋಲ್ ಕಾಯ್ದೆ ಬಂದು ಗಟ್ಟಿ ಚಿನ್ನ ಮನೇಲಿ ಇಟ್ಕಳಂಗಿಲ್ಲ ಅಂದಾಗ ಅಜ್ಜಿ ಹೆದರಿ ಮೂರೂ ಕರಗಿಸಿ ಬಳೆ ಮಾಡ್ಸಿದ್ಲು. 1990ರಲ್ಲಿ ಕಾಯ್ದೆ ತೆಗೆದ್ರು, ಬಳೆ ಚಿಕ್ಕಪ್ಪನ ಪಾಲಿಗೆ ಹೋಯ್ತು. ಉಳಿದಿರೋ ಬಿಲ್ಲೆಗೆ ಜಾಸ್ತಿ ಕೇಳೋದು ಇದಕ್ಕೇ.

ಟಂಚ್ ಅಂಗಡಿ:
ಚಿನ್ನ ಚಿನ್ನಾನೇ. ಮಂಡಿಪೇಟೆಗೆ ತಂದ್ರೆ ಮುದ್ರೆಗೆ ಒಂದ್ ಪೈಸೆ ಜಾಸ್ತಿ ಕೊಡಲ್ಲ.

ಅಡಿಕೆ ತೋಟ:
ಮುದ್ರೆ ಬಿಲ್ಲೆ ಮಾರಾಕೆ ಮಂಡಿಪೇಟೆಗೆ ಯಾರ್ ಬರ್ತಾರೆ? ಚಿಕ್ಕಪ್ಪನೂ ನಿಮ್ಮಂಗೇ ಅಂದಿದ್ದ.

ವಿದ್ಯಾನಗರದವ:
ಎಲ್ಲಾ ಸರಿ, ಬೆಳ್ಳಿ ಗಟ್ಟಿಗೆ ಎಷ್ಟಕ್ಕೆ ನಿಲ್ಲಿಸ್ಲಿ?

ಹರಿಹರದಕ್ಕ:
ಮೊದ್ಲು ಹೋಗಿ ಕೈಯಲ್ಲಿ ಹಿಡೀರಿ. ಬೇಕಾದ್ರೆ ಶನಿವಾರ ಬಂದು ನನ್ ತಕ್ಕಡಿ ಒಯ್ರಿ, ಸೋಮವಾರ ವಾಪಸ್ ಬರ್ಬೇಕು.

ಕೋಟೆ ಕಲ್ಲು:
ಅಕ್ಕಾ, ಆ ತಕ್ಕಡಿ ಮಾರೋದಿದ್ರೆ ಹೇಳ್ರಿ.